ಹಳದಿಯಾದ ಹೆಡ್‌ಲೈಟ್: ಉಜ್ಜಬೇಕಾ, ಬದಲಾಯಿಸಬೇಕಾ? ಕಡಿಮೆ ಖರ್ಚಿನ ದಾರಿ

"ಹೆಡ್‌ಲೈಟ್ ಮಂಕಾಗಿತ್ತು, ಪೇಸ್ಟ್ ಹಚ್ಚಿ ಉಜ್ಜಿದೆ, ಫಳಫಳ ಅಂತು, ಸ್ವಲ್ಪ ದಿನಕ್ಕೆ ಮತ್ತೆ ಹಳದಿ. ಈಗ ಏನ್ ಮಾಡ್ಲಿ?" ವಿಜಯಪುರ, ಬಾಗಲಕೋಟೆ ಕಡೆಯವರಿಂದ ಪದೇ ಪದೇ ಬರುವ ಪ್ರಶ್ನೆ ಇದು. ಕಬ್ಬಿನ ಹಂಗಾಮು ಶುರುವಾದರೆ ಇನ್ನೂ ಜಾಸ್ತಿ. ಯಾಕೆ ಅಂತ ಇಲ್ಲಿ ರಾತ್ರಿ ಗಾಡಿ ಓಡಿಸುವ ಎಲ್ಲರಿಗೂ ಗೊತ್ತು. ಜಮಖಂಡಿ, ಮುಧೋಳ, ಅಥಣಿ ರಸ್ತೆಯಲ್ಲಿ ಎರಡು ಟ್ರೇಲರ್ ಕಟ್ಟಿಕೊಂಡು ಹೊರಟ ಟ್ರ್ಯಾಕ್ಟರ್‌ಗೆ ಎಷ್ಟೋ ಸಲ ಹಿಂದೆ ಲೈಟ್ ಇರುವುದಿಲ್ಲ, ರಿಫ್ಲೆಕ್ಟರ್ ಇದ್ದರೂ ಜೋತುಬಿದ್ದ ರವದಿ, ಅಂದರೆ ಕಬ್ಬಿನ ಒಣಗರಿ, ಅದನ್ನು ಮುಚ್ಚಿರುತ್ತದೆ. ಅದು ಕಾಣಬೇಕು ಅಂದರೆ ನಮ್ಮ ಗಾಡಿಯ ಬೆಳಕೇ ಗತಿ.

ಒಳ್ಳೆಯ ಸುದ್ದಿ ಏನೆಂದರೆ ಹೆಚ್ಚಿನ ಗಾಡಿಗಳಿಗೆ ಹೊಸ ಹೆಡ್‌ಲೈಟ್ ಬೇಕಾಗುವುದಿಲ್ಲ. ಒಂದು ಬೆಳಗ್ಗೆ ಬಿಡುವು ಮಾಡಿಕೊಂಡು, ಸರಿಯಾದ ಕ್ರಮದಲ್ಲಿ ಮಾಡಿದರೆ ಸಾಕು. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಉಜ್ಜುವುದು ಅರ್ಧ ಕೆಲಸ ಅಷ್ಟೇ. ಉಜ್ಜಿದ ಮೇಲೆ ರಕ್ಷಣೆಯ ಕೋಟ್ ಹಾಕದೆ ಬಿಟ್ಟರೆ ಹಾಕಿದ ದುಡ್ಡು, ಪಟ್ಟ ಶ್ರಮ ಎರಡೂ ನೀರುಪಾಲು.

ಮಂಕಾಗುವುದು ಯಾಕೆ?

ಈಗಿನ ಕಾರುಗಳ ಹೆಡ್‌ಲೈಟ್ ಮುಚ್ಚಳ ಗಾಜಿನದಲ್ಲ. ಅದು ಪಾಲಿಕಾರ್ಬೊನೇಟ್ ಅನ್ನುವ ಗಟ್ಟಿ ಪ್ಲಾಸ್ಟಿಕ್. ಕಲ್ಲು ಬಡಿದರೂ ಸುಲಭಕ್ಕೆ ಒಡೆಯುವುದಿಲ್ಲ, ಆದರೆ ಬಿಸಿಲಿನ ಯುವಿ ಕಿರಣ, ಅಂದರೆ ಕಣ್ಣಿಗೆ ಕಾಣದೆ ಚರ್ಮ ಸುಡುವ ಕಿರಣ, ಇದಕ್ಕೆ ಆಗಿಬರುವುದಿಲ್ಲ. ಅದಕ್ಕೇ ಕಂಪನಿಯವರು ಮೇಲೊಂದು ತೆಳು ರಕ್ಷಣೆಯ ಪದರ ಕೊಟ್ಟಿರುತ್ತಾರೆ. ವರ್ಷಗಟ್ಟಲೆ ಬಿಸಿಲು, ಧೂಳು, ಗಟ್ಟಿ ಬಟ್ಟೆಯ ಒರೆತ ತಿಂದು ಆ ಪದರ ಸವೆಯುತ್ತದೆ. ಆಮೇಲೆ ಕೆಳಗಿನ ಪ್ಲಾಸ್ಟಿಕ್ ಹಳದಿಯಾಗುತ್ತದೆ, ಮೇಲ್ಮೈ ಒರಟಾಗುತ್ತದೆ, ಬೆಳಕು ರಸ್ತೆಗೆ ಹೋಗುವ ಬದಲು ಅಲ್ಲೇ ಚೆದುರುತ್ತದೆ. ನಿಮಗೆ ರಸ್ತೆ ಕಾಣುವುದಿಲ್ಲ, ಎದುರಿನವನಿಗೆ ಕಣ್ಣು ಕುಕ್ಕುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಬಿಸಿಲಲ್ಲಿ ದಿನಪೂರ್ತಿ ಬಯಲಲ್ಲಿ ನಿಲ್ಲುವ ಗಾಡಿಗೆ ಇದು ಬೇಗ ಬರುತ್ತದೆ.

ಹಳೇ ಅಂಬಾಸಿಡರ್, ಹಳೇ ಜೀಪುಗಳ ದುಂಡು ಹೆಡ್‌ಲೈಟ್ ನಿಜವಾದ ಗಾಜು. ಅದು ಹೀಗೆ ಹಳದಿಯಾಗುವುದಿಲ್ಲ. ಅಂಥ ಗಾಡಿ ಮಂಕಾಗಿದ್ದರೆ ತೊಂದರೆ ಒಳಗಿನ ರಿಫ್ಲೆಕ್ಟರ್, ಅಂದರೆ ಬಲ್ಬಿನ ಹಿಂದಿನ ಬೆಳ್ಳಿ ಬಣ್ಣದ ಬಟ್ಟಲಿನಲ್ಲೋ, ಬಲ್ಬಿನಲ್ಲೋ, ವೈರಿಂಗಿನಲ್ಲೋ ಇರುತ್ತದೆ. ಉಗುರಿನಿಂದ ತಟ್ಟಿ ನೋಡಿ, ಗಾಜು ಟಣ್ ಅನ್ನುತ್ತದೆ, ಪ್ಲಾಸ್ಟಿಕ್ ಮಂದವಾಗಿ ಟಕ್ ಅನ್ನುತ್ತದೆ.

ಹಂತ 1: ನೀರು ಹಾಕಿ ಪರೀಕ್ಷೆ ಮಾಡಿ

ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ಆದರೂ ಮಾಡುವವರು ಕಡಿಮೆ. ಹೆಡ್‌ಲೈಟ್ ತೊಳೆದು ಒಣಗಿಸಿ. ಆಮೇಲೆ ಒಂದು ಮಗ್ ನೀರನ್ನು ಮೇಲಿಂದ ನಿಧಾನಕ್ಕೆ ಸುರಿಯುತ್ತಾ ನೋಡಿ.

ನೀರು ಹರಿಯುವಾಗ ಮುಚ್ಚಳ ತಿಳಿಯಾಗಿ, ಒಳಗಿನ ಬಲ್ಬು ರಿಫ್ಲೆಕ್ಟರ್ ಸ್ಪಷ್ಟವಾಗಿ ಕಂಡರೆ, ಹಾಳಾಗಿರುವುದು ಹೊರಗಿನ ಮೇಲ್ಮೈ ಮಾತ್ರ. ಮೇಲ್ಮೈಯ ಸಣ್ಣ ಸಣ್ಣ ಗೀರುಗಳನ್ನು ನೀರು ತುಂಬಿಕೊಂಡಾಗ ಬೆಳಕು ನೇರ ಹಾದುಹೋಗುತ್ತದೆ, ಅದಕ್ಕೇ ತಿಳಿಯಾಗಿ ಕಾಣುವುದು. ಉಜ್ಜಿದರೆ ಖಂಡಿತ ಸರಿಹೋಗುತ್ತದೆ. ನೀರು ಬಿದ್ದರೂ ಹಳದಿ ಅಥವಾ ಮಂಜು ಹಾಗೇ ಉಳಿದರೆ ತೊಂದರೆ ಒಳಮೈಯಲ್ಲಿದೆ ಅಥವಾ ಪ್ಲಾಸ್ಟಿಕ್ಕಿನ ಆಳಕ್ಕೆ ಇಳಿದಿದೆ. ಹೊರಗಿನಿಂದ ಎಷ್ಟು ಉಜ್ಜಿದರೂ ಅದು ಹೋಗಲ್ಲ.

ಮುಚ್ಚಳದ ಒಳಗೆ ನೀರಿನ ಹನಿ ಕಂಡರೆ ಅದು ಬೇರೆಯೇ ವಿಷಯ. ಬೆಳಗಾವಿ, ಖಾನಾಪುರ ಕಡೆ ಮಳೆಗಾಲದಲ್ಲಿ ಸಣ್ಣಗೆ ಆವಿ ಕಟ್ಟುವುದು ಸಹಜ. ಅರ್ಧ ಗಂಟೆ ಲೈಟ್ ಹಾಕಿಕೊಂಡು ಓಡಾಡಿದರೆ ಮಾಯವಾಗುತ್ತದೆ. ತಳದಲ್ಲಿ ನೀರು ನಿಂತಿದ್ದರೆ ಮಾತ್ರ ಸೀಲ್ ಬಿಟ್ಟಿದೆ, ಅಥವಾ ಬಲ್ಬ್ ಹಿಂದಿನ ರಬ್ಬರ್ ಕ್ಯಾಪ್ ಸರಿಯಾಗಿ ಕೂತಿಲ್ಲ. ಬಲ್ಬ್ ಬದಲಾಯಿಸಿದ ಮೇಲೆ ನೀರು ಬರಲು ಶುರುವಾದರೆ ಮೊದಲು ಆ ಕ್ಯಾಪ್ ನೋಡಿ. ಎಷ್ಟೋ ಗಾಡಿಗಳಲ್ಲಿ ಅದನ್ನು ತಿರುಗಿಸಿ ಹಾಕಿರುತ್ತಾರೆ, ಇಲ್ಲವೇ ಹಾಕುವುದನ್ನೇ ಮರೆತಿರುತ್ತಾರೆ.

ಹಂತ 2: ಬಲ್ಬ್ ಮತ್ತು ವೋಲ್ಟೇಜ್ ನೋಡಿ

ಮುಚ್ಚಳ ತಿಳಿಯಾಗಿದ್ದೂ ಬೆಳಕು ಮಂಕಿದ್ದರೆ ಉಜ್ಜಿ ಪ್ರಯೋಜನ ಇಲ್ಲ. ಹ್ಯಾಲೊಜನ್ ಬಲ್ಬ್ ವಯಸ್ಸಾದಂತೆ ಬೆಳಕು ಕಳೆದುಕೊಳ್ಳುತ್ತದೆ, ಸುಟ್ಟುಹೋಗುವವರೆಗೆ ಕಾಯಬೇಕಿಲ್ಲ. ಎರಡನ್ನೂ ಒಟ್ಟಿಗೆ ಬದಲಾಯಿಸಿ. ನಮ್ಮ ಹೆಚ್ಚಿನ ಸಣ್ಣ ಕಾರುಗಳಿಗೆ ಎಚ್4 ಬಲ್ಬ್, 12 ವೋಲ್ಟ್, 60/55 ವಾಟ್. ಹೊಸ ಬಲ್ಬಿನ ಗಾಜು ಬರಿಗೈಯಲ್ಲಿ ಮುಟ್ಟಬೇಡಿ. ಬೆರಳಿನ ಜಿಡ್ಡು ಅಂಟಿದ ಜಾಗ ಅತಿಯಾಗಿ ಕಾದು ಬಲ್ಬ್ ಬೇಗ ಹೋಗುತ್ತದೆ.

ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಇನ್ನೊಂದು ಚೆಕ್ ಮಾಡಿಸಿ. ಎಂಜಿನ್ ಚಾಲೂ ಇಟ್ಟು, ಲೈಟ್ ಹಾಕಿ, ಬ್ಯಾಟರಿಯಲ್ಲಿ ಎಷ್ಟು ವೋಲ್ಟ್, ಬಲ್ಬಿನ ಕನೆಕ್ಟರಿನಲ್ಲಿ ಎಷ್ಟು ವೋಲ್ಟ್ ಅಂತ ಅಳೆಯಲು ಹೇಳಿ. ವ್ಯತ್ಯಾಸ 1 ವೋಲ್ಟ್ ದಾಟಿದರೆ ವೈರ್, ಸ್ವಿಚ್ ಅಥವಾ ಅರ್ಥ್ ಕೆಟ್ಟಿದೆ ಅಂತ ಅರ್ಥ. ಹ್ಯಾಲೊಜನ್ ಬಲ್ಬಿಗೆ ವೋಲ್ಟೇಜ್ 10% ಇಳಿದರೆ ಬೆಳಕು ಹತ್ತಿರ ಹತ್ತಿರ 30% ಇಳಿಯುತ್ತದೆ. ಒಂದು ರಿಲೇ ಕಿಟ್, ಅಂದರೆ ಬ್ಯಾಟರಿಯಿಂದ ನೇರ ದಪ್ಪ ವೈರಿನಲ್ಲಿ ಬಲ್ಬಿಗೆ ಕರೆಂಟ್ ಕೊಡುವ ಜೋಡಣೆ, ಇಲ್ಲಿ ಒಳ್ಳೆಯ ಕೆಲಸ ಮಾಡುತ್ತದೆ.

ದೊಡ್ಡ ವಾಟಿನ 100/90 ಬಲ್ಬ್ ಹಾಕಿಸಿಬಿಡಿ ಅಂತ ಯಾರಾದರೂ ಹೇಳಿದರೆ ಬೇಡ ಅನ್ನಿ. ಅದರ ಬಿಸಿಗೆ ಹೋಲ್ಡರ್ ಕರಗುತ್ತದೆ, ರಿಫ್ಲೆಕ್ಟರ್ ಸುಡುತ್ತದೆ. ಹ್ಯಾಲೊಜನ್‌ಗೆ ಮಾಡಿದ ರಿಫ್ಲೆಕ್ಟರಿನಲ್ಲಿ ಅಗ್ಗದ ಎಲ್‌ಇಡಿ ಕೂರಿಸಿದರೂ ಅಷ್ಟೇ. ಗೋಡೆಗೆ ಹಿಡಿದಾಗ ಬೆಳ್ಳಗೆ ಕಾಣುತ್ತದೆ, ರಸ್ತೆಯಲ್ಲಿ ಬೆಳಕು ಎಲ್ಲೆಲ್ಲೋ ಚೆದುರಿ ಎದುರಿನವರ ಕಣ್ಣಿಗೆ ಹೋಗುತ್ತದೆ. ಸಿಂಗಲ್ ರಸ್ತೆಯಲ್ಲಿ ಇದು ಬಹಳ ಅಪಾಯ. ಪೊಲೀಸರು ದಂಡ ಹಾಕುವ ಮಾತು ಆಮೇಲಿನದು.

ಹಂತ 3: ಸಾಮಾನು ತನ್ನಿ

ಕಾರ್ ಪೇಂಟ್ ಮಾರುವ ಅಂಗಡಿಗೆ ಹೋಗಿ "ವಾಟರ್ ಪೇಪರ್" ಕೇಳಿ. ನೀರಲ್ಲಿ ನೆನೆಸಿ ಉಜ್ಜುವ ಉಪ್ಪುಕಾಗದ ಅದು. ನಂಬರ್ ದೊಡ್ಡದಾದಷ್ಟು ಕಾಗದ ನಯ. 600, 800, 1000 ತಲಾ ಒಂದು ಹಾಳೆ ಸಾಕು. ಪಾಲಿಶ್ ದಾರಿ ಹಿಡಿಯುವುದಾದರೆ 1500, 2000, 3000 ಕೂಡ ಬೇಕು. ಮರಗೆಲಸದ ಒಣ ಉಪ್ಪುಕಾಗದ ಬೇಡವೇ ಬೇಡ.

ಇದರ ಜೊತೆಗೆ ಅಗಲ ಮಾಸ್ಕಿಂಗ್ ಟೇಪ್, ಒಂದು ಗಟ್ಟಿ ಸ್ಪಂಜಿನ ತುಂಡು, ಸ್ಪ್ರೇ ಬಾಟಲಿಯಲ್ಲಿ ಎರಡು ಹನಿ ಕಾರ್ ಶಾಂಪೂ ಬೆರೆಸಿದ ನೀರು, ಮೈಕ್ರೋಫೈಬರ್ ಬಟ್ಟೆ, ಮೆಡಿಕಲ್ ಶಾಪಿನಲ್ಲಿ ಸಿಗುವ ಐಸೊಪ್ರೊಪಿಲ್ ಆಲ್ಕೊಹಾಲ್. ಇಷ್ಟಕ್ಕೆ ಸಾಮಾನ್ಯವಾಗಿ ನಾನ್ನೂರು, ಐನೂರು ರೂಪಾಯಿ ಆಗಬಹುದು. ಕೋಟ್‌ನ ಖರ್ಚು ಬೇರೆ, ಅದನ್ನು ಮುಂದೆ ಹೇಳುತ್ತೇನೆ.

ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು. ಒಣಗಿದ ಮೇಲೆ ಬಿಳಿ ಕಲೆ ಬಿಡುತ್ತದೆ. ಉಜ್ಜುವಾಗ ಪರವಾಗಿಲ್ಲ, ಆದರೆ ಕೊನೆಯ ತೊಳೆಯುವಿಕೆಗೆ ಫಿಲ್ಟರ್ ನೀರು ಒಂದೆರಡು ಲೀಟರ್ ಎತ್ತಿಟ್ಟುಕೊಳ್ಳಿ.

ತರಬಾರದ ಸಾಮಾನಿನ ಪಟ್ಟಿ ಇನ್ನೂ ಮುಖ್ಯ. ಥಿನ್ನರ್, ಪೆಟ್ರೋಲ್, ಅಸಿಟೋನ್ ಪಾಲಿಕಾರ್ಬೊನೇಟಿಗೆ ತಾಗಿದರೆ ಕೂದಲೆಳೆಯಂಥ ಬಿರುಕು ಬೀಳುತ್ತದೆ, ಅದಕ್ಕೆ ರಿಪೇರಿ ಇಲ್ಲ. ಸೊಳ್ಳೆ ಓಡಿಸುವ ಸ್ಪ್ರೇ ಹೊಡೆದು ಒರೆಸುವ ವಿಡಿಯೋಗಳು ಓಡಾಡುತ್ತವೆ ಅಲ್ವಾ, ಅದರಲ್ಲಿರುವ ರಾಸಾಯನಿಕ ಪ್ಲಾಸ್ಟಿಕ್ಕಿನ ಮೇಲ್ಪದರವನ್ನೇ ಕರಗಿಸುತ್ತದೆ. ಆ ಕ್ಷಣಕ್ಕೆ ಹೊಳಪು, ಆಮೇಲೆ ಮೊದಲಿಗಿಂತ ಕೆಟ್ಟ ಸ್ಥಿತಿ. ಹಲ್ಲಿನ ಪೇಸ್ಟ್ ಇಷ್ಟು ಕೆಟ್ಟದ್ದಲ್ಲ. ಅದು ಸಣ್ಣಗೆ ಉಜ್ಜುತ್ತದೆ ಅಷ್ಟೇ, ರಕ್ಷಣೆ ಕೊಡುವುದಿಲ್ಲ.

ಹಂತ 4: ಹೊತ್ತು ಮತ್ತು ಜಾಗ ನೋಡಿಕೊಳ್ಳಿ

ಬಿಸಿಲು ಏರುವ ಮೊದಲು, ಗಾಳಿ ಏಳುವ ಮೊದಲು, ನೆರಳಿನಲ್ಲಿ. ವಿಜಯಪುರದ ಮಧ್ಯಾಹ್ನದ ಬಿಸಿಲಲ್ಲಿ ಕೂತರೆ ನೀರು ಹಾಕಿದಲ್ಲೇ ಒಣಗಿ ಕಾಗದ ಗೀರು ಹಾಕುತ್ತದೆ, ಕೋಟ್ ಮೇಲೆ ಧೂಳು ಕೂರುತ್ತದೆ. ನವೆಂಬರಿನಿಂದ ಫೆಬ್ರುವರಿವರೆಗಿನ ಬೆಳಗು ಇದಕ್ಕೆ ಹೇಳಿ ಮಾಡಿಸಿದಂತಿದೆ. ಬೆಳಗಾವಿಯವರು ಜೂನ್‌ನಿಂದ ಸೆಪ್ಟೆಂಬರ್ ತನಕ ಕೋಟ್ ಹೊಡೆಯುವ ಯೋಚನೆ ಬಿಡಿ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಕೋಟ್ ಹಾಲಿನಂತೆ ಬೆಳ್ಳಗಾಗುತ್ತದೆ.

ಹೆಡ್‌ಲೈಟ್ ಸುತ್ತಲಿನ ಬಾನೆಟ್, ಬಂಪರ್, ಫೆಂಡರ್ ಅಂಚಿಗೆ ಎರಡು ಪದರ ಟೇಪ್ ಹಚ್ಚಿ. ಒಂದೇ ಪದರ ಹಚ್ಚಿದರೆ 600 ಕಾಗದ ಅದನ್ನು ಹರಿದು ಪೇಂಟ್ ಮುಟ್ಟುತ್ತದೆ. ಅಲ್ಲಿಗೆ ನೂರಿನ ಕೆಲಸ ಸಾವಿರಕ್ಕೆ ಹೋಗುತ್ತದೆ.

ಹಂತ 5: ಉಜ್ಜುವುದು

ಕಾಗದವನ್ನು ಹತ್ತು ನಿಮಿಷ ನೀರಲ್ಲಿ ನೆನೆಹಾಕಿ. ಸ್ಪಂಜಿಗೆ ಸುತ್ತಿ ಹಿಡಿಯಿರಿ. ಬರೀ ಬೆರಳಲ್ಲಿ ಒತ್ತಿದರೆ ಬೆರಳಿನ ಗುರುತಿನಷ್ಟಗಲ ತಗ್ಗು ಬೀಳುತ್ತದೆ, ರಾತ್ರಿ ಬೆಳಕು ಅಲೆಅಲೆಯಾಗಿ ಕಾಣುತ್ತದೆ.

600ರಿಂದ ಶುರು ಮಾಡಿ. ಮಂಕು ತೆಳುವಾಗಿದ್ದರೆ 800 ಸಾಕು. ಎಡದಿಂದ ಬಲಕ್ಕೆ ನೇರ ಗೆರೆಯಲ್ಲಿ, ಹಗುರ ಕೈಯಲ್ಲಿ, ನೀರು ಹೊಡೆಯುತ್ತಲೇ ಉಜ್ಜಿ. ಗುಂಡಗೆ ತಿರುಗಿಸಬೇಡಿ. ಸ್ವಲ್ಪ ಹೊತ್ತಿಗೆ ಕೆಳಗೆ ಇಳಿಯುವ ನೀರನ್ನು ಗಮನಿಸಿ. ಮೊದಲು ಅರಿಶಿನ ಬೆರೆಸಿದ ಹಾಗೆ ಹಳದಿ ಕೆಸರು ಬರುತ್ತದೆ. ಉಜ್ಜುತ್ತಾ ಹೋದಂತೆ ಅದು ತೆಳುವಾಗಿ, ಕೊನೆಗೆ ಬರೀ ಬಿಳಿ ನೀರು ಬರುತ್ತದೆ. ಹಳೇ ಪದರ ಹೋಯಿತು ಅನ್ನುವುದಕ್ಕೆ ಇದೇ ಗುರುತು. ಗಡಿಯಾರ ನೋಡಿ ಉಜ್ಜಬೇಡಿ, ನೀರಿನ ಬಣ್ಣ ನೋಡಿ ಉಜ್ಜಿ.

ಈಗ ತೊಳೆದು, ಒರೆಸಿ, ಪೂರ್ತಿ ಒಣಗಿಸಿ ನೋಡಿ. ಇಡೀ ಮುಚ್ಚಳ ಒಂದೇ ಸಮ ಬೂದಿ ಬಣ್ಣಕ್ಕೆ ಕಾಣಬೇಕು. ಅಲ್ಲಲ್ಲಿ ಹೊಳೆಯುವ ತೇಪೆ ಇದ್ದರೆ ಅಲ್ಲಿ ಹಳೇ ಪದರ ಇನ್ನೂ ಇದೆ ಅಂತ. ಸಾಮಾನ್ಯವಾಗಿ ಮೇಲಂಚು, ಬಾನೆಟ್ ಪಕ್ಕದ ಮೂಲೆಗಳಲ್ಲಿ ಉಳಿಯುತ್ತದೆ. ಅದನ್ನು ಬಿಟ್ಟು ಮುಂದೆ ಹೋದರೆ ನಾಳೆ ಹೊಸ ಕೋಟ್ ಅಲ್ಲಿಂದಲೇ ಏಳುತ್ತದೆ. ಈ ಹಂತದಲ್ಲಿ ಹೆಡ್‌ಲೈಟ್ ಮೊದಲಿಗಿಂತ ಕೆಟ್ಟದಾಗಿ ಕಾಣುತ್ತದೆ, ಗಾಬರಿ ಬೇಡ.

ಆಮೇಲೆ 800, ಈ ಸಲ ಮೇಲಿಂದ ಕೆಳಕ್ಕೆ. ಹಿಂದಿನ ಅಡ್ಡ ಗೀರುಗಳೆಲ್ಲ ಮಾಯವಾಗುವವರೆಗೆ. ಆಮೇಲೆ 1000, ಮತ್ತೆ ಅಡ್ಡಕ್ಕೆ. ದಿಕ್ಕು ಬದಲಾಯಿಸುವುದು ಯಾಕೆಂದರೆ ಹಿಂದಿನ ಕಾಗದದ ಗೀರು ಉಳಿದಿದ್ದರೆ ಕಣ್ಣಿಗೆ ತಕ್ಷಣ ಬೀಳುತ್ತದೆ. ಪ್ರತಿ ನಂಬರಿಗೂ ನೀರು ಬದಲಾಯಿಸಿ, ಸ್ಪಂಜ್ ತೊಳೆಯಿರಿ. 600ರ ಒಂದು ಕಣ ಸ್ಪಂಜಿನಲ್ಲಿ ಉಳಿದರೂ 1000ರ ಕೆಲಸ ಕೆಡಿಸುತ್ತದೆ. ನಂಬರ್ ಹಾರಿಸಬೇಡಿ. ಡ್ರಿಲ್ ಮೆಷಿನ್‌ಗೆ ಪ್ಯಾಡ್ ಸಿಕ್ಕಿಸಿ ಬೇಗ ಮುಗಿಸುವ ಆಸೆಯೂ ಬೇಡ, ವೇಗ ಜಾಸ್ತಿಯಾದರೆ ಬಿಸಿಗೆ ಪ್ಲಾಸ್ಟಿಕ್ ಕರಗಿ ಗಂಟು ಕಟ್ಟುತ್ತದೆ.

ಹಂತ 6: ಇಲ್ಲಿ ದಾರಿ ಎರಡಾಗುತ್ತದೆ

ಜನ ಅತಿ ಹೆಚ್ಚು ಎಡವುವುದು ಇಲ್ಲೇ. ಎರಡರಲ್ಲಿ ಒಂದನ್ನು ಆರಿಸಿ, ಎರಡನ್ನೂ ಬೆರೆಸಬೇಡಿ.

ಮೊದಲ ದಾರಿ ಲ್ಯಾಕರ್ ಹೊಡೆಸುವುದು. ಕಾರಿನ ಬಣ್ಣದ ಮೇಲೆ ಹೊಡೆಯುವ ಪಾರದರ್ಶಕ ಕ್ಲಿಯರ್ ಕೋಟ್ ಇದು. ಹಾರ್ಡ್‌ನರ್, ಅಂದರೆ ಲ್ಯಾಕರನ್ನು ಗಟ್ಟಿ ಮಾಡುವ ದ್ರವ ಬೆರೆಸಿ ಹೊಡೆಯುವುದನ್ನು ಟುಕೆ ಅನ್ನುತ್ತಾರೆ, ನಮಗೆ ಬೇಕಿರುವುದು ಅದು, ಅದರಲ್ಲೂ ಯುವಿ ತಡೆಯುವಂಥದ್ದು. ಈ ದಾರಿಗೆ 1000 ನಂಬರಿನಲ್ಲೇ ನಿಲ್ಲಿಸಿ, ಪಾಲಿಶ್ ಮಾಡಬೇಡಿ. ಲ್ಯಾಕರ್ ಹಿಡಿದುಕೊಳ್ಳಲು ಆ ಸಣ್ಣ ಒರಟು ಬೇಕು. ನೀರು ಹಾಕಿದಾಗ ತಿಳಿಯಾದ ಹಾಗೆಯೇ ಲ್ಯಾಕರ್ ಬಿದ್ದಾಗಲೂ ಗೀರು ತುಂಬಿಕೊಂಡು ತಿಳಿಯಾಗುತ್ತದೆ. ಪಾಲಿಶ್ ಮಾಡಿ ವ್ಯಾಕ್ಸ್ ಹಚ್ಚಿ ಅದರ ಮೇಲೆ ಲ್ಯಾಕರ್ ಹೊಡೆದರೆ ಅದು ಹಿಡಿಯದೆ ಹಾಳೆಯಂತೆ ಎದ್ದು ಬರುತ್ತದೆ.

ಕಡಿಮೆ ಖರ್ಚಿನ ಉಪಾಯ ಒಂದಿದೆ. ಉಜ್ಜುವ ಕೆಲಸ ನೀವೇ ಮನೆಯಲ್ಲಿ ಮುಗಿಸಿ, ಪರಿಚಯದ ಗ್ಯಾರೇಜಿನ ಪೇಂಟರ್ ಬೇರೆ ಗಾಡಿಗೆ ಲ್ಯಾಕರ್ ಹೊಡೆಯುವ ದಿನ ಹೋಗಿ. ಕಲಸಿದ ಲ್ಯಾಕರ್ ಹೇಗೂ ಇರುತ್ತದೆ, ಗನ್ ಹೇಗೂ ಕೈಯಲ್ಲಿರುತ್ತದೆ, ಎರಡು ಹೆಡ್‌ಲೈಟಿಗೆ ಜಾಸ್ತಿ ಹೊತ್ತೂ ಬೇಡ. ಕೊಡುವ ದುಡ್ಡೂ ಕಡಿಮೆ, ಕೆಲಸವೂ ಸ್ಪ್ರೇ ಡಬ್ಬಿಗಿಂತ ಚೆನ್ನ. ಹೊಡೆಯುವ ಮೊದಲು ಥಿನ್ನರ್ ಬಟ್ಟೆಯಲ್ಲಿ ಒರೆಸಲು ಬಿಡಬೇಡಿ, ಪೇಂಟರ್‌ಗಳಿಗೆ ಅದು ರೂಢಿ. ನಿಮ್ಮ ಆಲ್ಕೊಹಾಲ್ ಬಾಟಲಿ ಕೊಟ್ಟು ಅದರಲ್ಲೇ ಒರೆಸಲು ಹೇಳಿ.

ಟುಕೆ ಸ್ಪ್ರೇ ಡಬ್ಬಿ ತಂದು ನೀವೇ ಹೊಡೆಯಲೂಬಹುದು. ಆದರೆ ಹಾರ್ಡ್‌ನರ್‌ನಲ್ಲಿರುವ ಐಸೊಸಯನೇಟ್ ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು. ಬಟ್ಟೆ ಮಾಸ್ಕ್, ಕರವಸ್ತ್ರ ಇದನ್ನು ತಡೆಯುವುದಿಲ್ಲ. ಕಾರ್ಟ್ರಿಜ್ ಇರುವ ರೆಸ್ಪಿರೇಟರ್ ಬೇಕು, ಬಯಲಲ್ಲೇ ಹೊಡೆಯಬೇಕು, ಮಕ್ಕಳು ಹತ್ತಿರ ಇರಬಾರದು. ಮನೆಯಲ್ಲಿ ಯಾರಿಗಾದರೂ ಉಬ್ಬಸ ಇದ್ದರೆ ಪೇಂಟರ್ ಹತ್ತಿರವೇ ಹೋಗಿ, ಇದರಲ್ಲಿ ಉಳಿತಾಯ ನೋಡಬೇಡಿ. ಹಾರ್ಡ್‌ನರ್ ಬೆರೆಯಲು ಡಬ್ಬಿಯ ತಳದ ಪಿನ್ ಒತ್ತಿದ ಮೇಲೆ ಒಳಗಿರುವುದು ಒಂದೆರಡು ದಿನದಲ್ಲಿ ಗಟ್ಟಿಯಾಗುತ್ತದೆ, ಹಾಗಾಗಿ ಎರಡೂ ಲೈಟ್ ಅವತ್ತೇ ಮುಗಿಸಬೇಕು. ಒಂದು ಗೇಣು ದೂರದಿಂದ ಮೊದಲು ತೆಳು ಕೋಟ್, ಹತ್ತು ನಿಮಿಷ ಬಿಟ್ಟು ಸ್ವಲ್ಪ ತುಂಬು ಕೋಟ್. ಒಂದೇ ಸಲ ದಪ್ಪ ಹೊಡೆದರೆ ಸೋರುತ್ತದೆ. ಎರಡು ದಿನ ನೀರು ತಾಗಿಸಬೇಡಿ, ಒಂದು ವಾರ ಉಜ್ಜಿ ತೊಳೆಯಬೇಡಿ.

ಎರಡನೇ ದಾರಿ ಪಾಲಿಶ್. 1500, 2000, 3000 ಮುಗಿಸಿ, ರಬ್ಬಿಂಗ್ ಕಾಂಪೌಂಡ್ ಹಚ್ಚಿ ಬಟ್ಟೆಯಲ್ಲಿ ಹೊಳಪು ಬರುವವರೆಗೆ ತಿಕ್ಕಿ, ಆಲ್ಕೊಹಾಲಿನಲ್ಲಿ ಒರೆಸಿ, ಹೆಡ್‌ಲೈಟಿಗೆಂದೇ ಸಿಗುವ ಯುವಿ ಸೀಲೆಂಟ್ ಹಚ್ಚುವುದು. ಸುಲಭ, ಅಪಾಯ ಇಲ್ಲ, ಆದರೆ ಲ್ಯಾಕರಿನಷ್ಟು ಬಾಳುವುದಿಲ್ಲ. ಕೆಲವು ತಿಂಗಳಿಗೊಮ್ಮೆ ಸೀಲೆಂಟ್ ಮತ್ತೆ ಹಚ್ಚುತ್ತಿರಬೇಕು. ಅದನ್ನು ನೆನಪಿಟ್ಟು ಮಾಡುವವರಿಗೆ ಮಾತ್ರ ಈ ದಾರಿ. ಪಾಲಿಶ್ ಆದ ಮೇಲೆ ಸೀಲೆಂಟ್ ಬದಲು ಪಿಪಿಎಫ್, ಅಂದರೆ ಪೇಂಟ್ ಕಾಯುವ ದಪ್ಪ ಪಾರದರ್ಶಕ ಫಿಲ್ಮ್ ಅಂಟಿಸಿದರೂ ಚೆನ್ನಾಗಿ ಬಾಳುತ್ತದೆ. ಕಪ್ಪು, ಹೊಗೆ ಬಣ್ಣದ ಫಿಲ್ಮ್ ಮಾತ್ರ ಬೇಡ.

ಹಂತ 7: ಬದಲಾಯಿಸಲೇಬೇಕಾದರೆ

ಒಳಗೆ ಮಂಜು, ಮುಚ್ಚಳದಲ್ಲಿ ಬಿರುಕು, ರಿಫ್ಲೆಕ್ಟರಿನ ಬೆಳ್ಳಿ ಪದರ ಸುಟ್ಟಿರುವುದು, ನೀರು ಪದೇ ಪದೇ ತುಂಬುವುದು. ಇದರಲ್ಲಿ ಯಾವುದಿದ್ದರೂ ಉಜ್ಜಲು ಕೂರಬೇಡಿ, ಹೊಸದು ಹಾಕಿ.

ಅಂಗಡಿಗೆ ಹೋಗುವಾಗ ಮಾಡೆಲ್ ಹೆಸರು ಮಾತ್ರ ಹೇಳಿದರೆ ಸಾಲದು. ಒಂದೇ ಕಾರಿನ ಬೇರೆ ಬೇರೆ ವರ್ಷಗಳಲ್ಲಿ ಹೆಡ್‌ಲೈಟ್ ಬದಲಾಗಿರುತ್ತದೆ, ಲೈಟ್ ಏರಿಳಿಸುವ ಮೋಟರ್ ಇರುವುದು ಇಲ್ಲದ್ದು ಅಂತ ಬೇರೆ ಇರುತ್ತದೆ. ಆರ್‌ಸಿ ಕಾರ್ಡಿನ ಫೋಟೋ, ಹಳೇ ಹೆಡ್‌ಲೈಟ್ ಹಿಂದಿನ ಲೇಬಲ್ಲಿನ ಫೋಟೋ ಎರಡೂ ಮೊಬೈಲಿನಲ್ಲಿರಲಿ. ಕಂಪನಿ ಡಬ್ಬಿಯಲ್ಲಿ ಬರುವ ಪಾರ್ಟಿಗೆ ಬೆಲೆ ಜಾಸ್ತಿ. ಲೂಮ್ಯಾಕ್ಸ್, ಯೂನೊ ಮಿಂಡಾದಂಥ ಸಂಸ್ಥೆಗಳು ಕಾರು ಕಂಪನಿಗಳಿಗೂ ಲೈಟ್ ಮಾಡಿಕೊಡುತ್ತವೆ, ಅವರ ಸ್ವಂತ ಡಬ್ಬಿಯಲ್ಲಿ ಅದೇ ಗಾಡಿಯ ಲೈಟ್ ಸಿಗುತ್ತದಾ ಅಂತ ಕೇಳಿ ನೋಡಿ. ಹೆಸರಿಲ್ಲದ ಅಗ್ಗದ ಮಾಲಿನಲ್ಲಿ ರಿಫ್ಲೆಕ್ಟರ್ ಸರಿ ಇರುವುದಿಲ್ಲ, ಯುವಿ ಪದರವೂ ತೆಳು. ಹೊಸ ಲೈಟೇ ಬೇಗ ಹಳದಿಯಾಗುವುದು ಇದಕ್ಕೇ.

ಬೆಳಗಾವಿ, ಹುಬ್ಬಳ್ಳಿ, ಕೊಲ್ಲಾಪುರದ ಗುಜರಿಯಿಂದ ಸೆಕೆಂಡ್ ಹ್ಯಾಂಡ್ ತರುವವರು ಹಿಂದಿನ ಫಿಟ್ಟಿಂಗ್ ಕಿವಿಗಳನ್ನು ಒಂದೊಂದಾಗಿ ನೋಡಿ. ಅಪಘಾತದ ಗಾಡಿಯದ್ದಾದರೆ ಒಂದಾದರೂ ಮುರಿದಿರುತ್ತದೆ, ಅಂಟು ಹಾಕಿ ಮುಚ್ಚಿರುತ್ತಾರೆ. ಅದು ಹೆದ್ದಾರಿಯಲ್ಲಿ ನಡುಗಲು ಶುರು ಮಾಡಿದರೆ ಬೆಳಕೂ ನಡುಗುತ್ತದೆ. ನೀರಿನ ಪರೀಕ್ಷೆ ಅಂಗಡಿಯಲ್ಲೇ ಮಾಡಿ, ಒಂದು ಬಾಟಲಿ ನೀರು ಸಾಕು.

ಹಂತ 8: ಗೋಡೆಗೆ ಬೆಳಕು ಹಿಡಿದು ಸರಿಪಡಿಸಿ

ಉಜ್ಜಿದರೂ ಸರಿ, ಬದಲಾಯಿಸಿದರೂ ಸರಿ, ಇದನ್ನು ಬಿಡಬೇಡಿ. ಮಂಕು ಇದ್ದಾಗ ಹೆಚ್ಚು ಬೆಳಕು ಬೇಕೆಂದು ಎಷ್ಟೋ ಜನ ಸ್ಕ್ರೂ ತಿರುಗಿಸಿ ಲೈಟ್ ಮೇಲೆ ಎತ್ತಿಸಿರುತ್ತಾರೆ. ತಿಳಿಯಾದ ಮೇಲೆ ಅದೇ ಬೆಳಕು ಎದುರಿನ ಬೈಕಿನವನ ಮುಖಕ್ಕೆ ಹೊಡೆಯುತ್ತದೆ.

ಸಮತಟ್ಟಾದ ನೆಲದಲ್ಲಿ ಗೋಡೆಯಿಂದ 5 ಮೀಟರ್ ದೂರ ಗಾಡಿ ನಿಲ್ಲಿಸಿ. ಟೈರಿನಲ್ಲಿ ಗಾಳಿ ಸರಿ ಇರಲಿ, ಡ್ರೈವರ್ ಸೀಟಿನಲ್ಲಿ ಒಬ್ಬರು ಕೂತಿರಲಿ, ಲೈಟ್ ಏರಿಳಿಸುವ ಗುಂಡಿ ಇದ್ದರೆ ಸೊನ್ನೆಯಲ್ಲಿರಲಿ. ನೆಲದಿಂದ ಬಲ್ಬಿನ ನಡುಮಧ್ಯದ ಎತ್ತರ ಅಳೆದು, ಗೋಡೆಯ ಮೇಲೆ ಅದೇ ಎತ್ತರಕ್ಕೆ ಟೇಪ್ ಅಂಟಿಸಿ. ಡಿಪ್ ಹಾಕಿದಾಗ ಬೆಳಕಿನ ಮೇಲಂಚು ಆ ಟೇಪಿನಿಂದ ಸುಮಾರು 5 ಸೆಂಟಿಮೀಟರ್ ಕೆಳಗೆ ಬೀಳಬೇಕು. ಅಂಚು ಎಡಕ್ಕೆ ಸ್ವಲ್ಪ ಏರಿರುತ್ತದೆ. ನಾವು ಎಡಗಡೆ ಓಡಿಸುತ್ತೇವಲ್ಲ, ರಸ್ತೆ ಪಕ್ಕ ನಡೆಯುವವರು, ಸೈಕಲ್‌ನವರು ಕಾಣಲಿ ಅಂತ ಹಾಗೆ ಮಾಡಿರುತ್ತಾರೆ. ಬಲಕ್ಕೆ ಏರಿದರೆ ಅದು ಬೇರೆ ದೇಶದ ಲೈಟ್, ಆನ್‌ಲೈನಿನಲ್ಲಿ ತರಿಸಿದ್ದರೆ ವಾಪಸ್ ಕಳಿಸಿ.

ಇನ್ನು ಮುಂದೆ ಕಾಪಾಡಿಕೊಳ್ಳಲು ಮಾಡಬೇಕಾದ್ದು ಸ್ವಲ್ಪವೇ. ಒಣ ಧೂಳನ್ನು ಬಟ್ಟೆಯಲ್ಲಿ ಒರೆಸಬೇಡಿ, ಮೊದಲು ನೀರು ಹಾಕಿ. ಬಟ್ಟೆ ಒಗೆಯುವ ಪುಡಿ ಬೇಡ. ಸಂಜೆ ಬಿಸಿಲು ಮುಖಕ್ಕೆ ಹೊಡೆಯುವ ಜಾಗವಾದರೆ ಗಾಡಿಯ ಮೂಗು ಗೋಡೆಯ ಕಡೆ ಮಾಡಿ ನಿಲ್ಲಿಸಿ. ಹೊಸ ಹೆಡ್‌ಲೈಟ್ ಹಾಕಿಸಿದವರು ಹಳೆಯದನ್ನು ಗ್ಯಾರೇಜಿನಲ್ಲೇ ಬಿಟ್ಟು ಬರಬೇಡಿ. ಅದರ ರಬ್ಬರ್ ಕ್ಯಾಪ್, ಬಲ್ಬ್ ಹಿಡಿಯುವ ತಂತಿ ಕ್ಲಿಪ್, ಅಡ್ಜಸ್ಟ್ ಮಾಡುವ ಸ್ಕ್ರೂ ಬಿಡಿಯಾಗಿ ಅಂಗಡಿಯಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಬಿಚ್ಚಿ ಒಂದು ಚೀಲದಲ್ಲಿ ಹಾಕಿ ಡಿಕ್ಕಿಯಲ್ಲಿ ಇಟ್ಟುಕೊಳ್ಳಿ.